ಒಡೆಸ್ಸೋಸ್ ಬೇರೆ, ಒಡೆಸಾ ಬೇರೆ

ಪುಸ್ತಕಗಳಿಗೆ ಪದಸೂಚಿ ತಯಾರಿಸುವುದು, ಊರುಗಳ ಹೆಸರನ್ನು ನಕ್ಷೆಯೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಈಚೆಗೆ ಕೈಗೆ ಬಂದ ಅನುವಾದದ ಕರಡೊಂದರಲ್ಲಿ ಹೀಗಿತ್ತು: ‘ಕ್ರಿ.ಪೂ. 6ನೇ ಶತಮಾನದಲ್ಲಿ ಮಿಲೇಟಸ್‌ನ ಗ್ರೀಕರು ಕಪ್ಪು ಸಮುದ್ರದ ದಡದಲ್ಲಿ ಒಡೆಸಾ ಬಂದರನ್ನು ಕಟ್ಟಿದರು.’ ಪಕ್ಕದ ನಕ್ಷೆಯಲ್ಲಿ ಚುಕ್ಕೆ ಉಕ್ರೇನಿನ ತೀರದಲ್ಲಿತ್ತು. ಶತಮಾನ ಸರಿ, ಮಿಲೇಟಸ್ ಸರಿ, ಸಮುದ್ರವೂ ಸರಿ. ಊರು ಮಾತ್ರ 400 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಸರಿದುಬಿಟ್ಟಿತ್ತು.

ಮಿಲೇಟಸ್‌ನವರು ಕಟ್ಟಿದ್ದು ಒಡೆಸ್ಸೋಸ್. ಅದು ಇಂದಿನ ಬಲ್ಗೇರಿಯಾದ ವಾರ್ನಾ. ಆ ಊರು ಹಾಳುಬಿದ್ದಿಲ್ಲ. ಇಂದಿಗೂ ದೊಡ್ಡ ಬಂದರು, ಊರೊಳಗೇ ರೋಮನ್ ಕಾಲದ ಸ್ನಾನಗೃಹದ ಗೋಡೆಗಳು ನಿಂತಿವೆ. ಕಳೆದುಹೋದದ್ದು ಹೆಸರು ಮಾತ್ರ. ವಾರ್ನಾ ಎಂಬ ಹೆಸರು ಮಧ್ಯಯುಗದಲ್ಲಿ ನೆಲೆಯೂರಿತು. 1949ರಿಂದ 1956ರವರೆಗೆ ಅದಕ್ಕೆ ಸ್ಟಾಲಿನ್ ಎಂಬ ಹೆಸರೂ ಅಂಟಿಕೊಂಡಿತ್ತು.

ಉಕ್ರೇನಿನ ಒಡೆಸಾದ ಕಥೆ ಬೇರೆ. ಅಲ್ಲಿ ಹಾಜಿಬೇ ಎಂಬ ಆಟೊಮನ್ ಕೋಟೆ ಇತ್ತು. 1789ರಲ್ಲಿ ರಷ್ಯಾದ ಪಡೆ ಅದನ್ನು ಹಿಡಿಯಿತು. ದಾಳಿಯ ಮುಂದಾಳು ನೇಪಲ್ಸ್‌ನಲ್ಲಿ ಹುಟ್ಟಿದ ಹೊಸೆ ದೆ ರಿಬಾಸ್. 1792ರ ಯಾಸಿ ಒಪ್ಪಂದದಿಂದ ಆ ನೆಲ ರಷ್ಯಾದ್ದಾಯಿತು. 1794ರಲ್ಲಿ ಬಂದರು ಕಟ್ಟಲು ರಾಣಿ ಎರಡನೇ ಕ್ಯಾಥರೀನ್ ಆಜ್ಞೆ ಹೊರಡಿಸಿದಳು. ಮರುವರ್ಷದ ಕಾಗದಪತ್ರಗಳಲ್ಲಿ ಹೊಸ ಹೆಸರು ಕಾಣಿಸಿಕೊಳ್ಳುತ್ತದೆ. ಪ್ರಾಚೀನ ಒಡೆಸ್ಸೋಸ್ ಈ ಆಸುಪಾಸಿನಲ್ಲೇ ಇತ್ತೆಂದು ಆಗ ನಂಬಿದ್ದರು. ಹೆಸರು ಸ್ತ್ರೀಲಿಂಗದಲ್ಲಿರಲಿ ಎಂದು ರಾಣಿಯೇ ಬಯಸಿದ್ದರಿಂದ ಒಡೆಸ್ಸೋಸ್ ಹೋಗಿ ಒಡೆಸ್ಸಾ ಆಯಿತೆಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಅದನ್ನು ಕಥೆಯೆಂದೇ ಬರೆಯಬೇಕು.

ಆ ನಂಬಿಕೆ ಎಲ್ಲಿಂದ ಬಂದಿರಬಹುದು? ನನಗೆ ಬಹಳ ಪ್ರಿಯವಾದ ಪ್ರಶ್ನೆ ಇದು. ಕ್ರಿ.ಶ. 2ನೇ ಶತಮಾನದಲ್ಲಿ ಅರ್ರಿಯನ್ ಎಂಬ ಅಧಿಕಾರಿ ಕಪ್ಪು ಸಮುದ್ರದ ದಡದ ವಿವರಗಳನ್ನು ಚಕ್ರವರ್ತಿ ಹೇಡ್ರಿಯನ್‌ಗೆ ಬರೆದು ಕಳಿಸಿದ. ಬಂದರಿನಿಂದ ಬಂದರಿಗೆ ಇರುವ ದೂರವನ್ನು ಸ್ಟೇಡಿಯಂ ಎಂಬ ಪ್ರಾಚೀನ ಗ್ರೀಕ್ ಅಳತೆಯಲ್ಲಿ ಕೊಡುತ್ತಾ ಹೋಗುವ ಆ ಬರಹದಲ್ಲಿ ಒಡೆಸ್ಸೋಸ್ ಎರಡು ಸಲ ಬರುತ್ತದೆ! ಒಂದು ವಾರ್ನಾದ ಜಾಗದಲ್ಲಿ, ಇನ್ನೊಂದು ಉತ್ತರದ ದಡದಲ್ಲಿ. ಉತ್ತರದ್ದು ಹಡಗುಗಳು ಲಂಗರು ಹಾಕುವ ಚಿಕ್ಕ ತಾಣ. ಪ್ರಾಚೀನ ಭೂಗೋಳಜ್ಞ ಟಾಲೆಮಿ ‘ಓರ್ಡೆಸ್ಸೋಸ್’ ಎಂದು ಕರೆದ ಜಾಗವೇ ಅದಿರಬೇಕೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಒಂದು ‘ರ’ಕಾರ ಬಿದ್ದುಹೋದರೆ ಎರಡು ಊರು ಒಂದೇ ಆಗಿಬಿಡುತ್ತವೆ. ಕೈಬರಹದ ಪ್ರತಿಗಳನ್ನು ತಿದ್ದಿದವರಿಗೆ ಇದು ಹೊಸದೇನಲ್ಲ. ಆ ತಾಣವೂ ಇಂದಿನ ಒಡೆಸಾದಲ್ಲಿ ಇರಲಿಲ್ಲ, ಅದರ ಪೂರ್ವಕ್ಕಿತ್ತು. ಅಲ್ಲಿಂದ 250 ಸ್ಟೇಡಿಯಂ, ಅಂದರೆ ಸುಮಾರು 46 ಕಿಲೋಮೀಟರ್ ಮುಂದೆ ಹೋದರೆ ‘ಇಸ್ಟ್ರಿಯನ್ನರ ಬಂದರು’ ಸಿಗುತ್ತದೆ ಎನ್ನುತ್ತಾನೆ ಅರ್ರಿಯನ್. ಒಡೆಸಾದ ಕೊಲ್ಲಿಗೆ ಹೊಂದುವುದು ಈ ಹೆಸರು. ನಗರದ ಕಡಲಬದಿಯ ಬೀದಿಯ ಕೆಳಗೆ ಗ್ರೀಕರ ನೆಲೆಯ ಅವಶೇಷಗಳು ಸಿಕ್ಕಿವೆ. ಗ್ರೀಕರು ಅಲ್ಲಿ ಇದ್ದರು ಎನ್ನುವುದು ನಿಜ. ಅವರ ಊರಿಗೆ ಒಡೆಸ್ಸೋಸ್ ಎಂಬ ಹೆಸರಿರಲಿಲ್ಲ, ಅಷ್ಟೇ.

ಆ ಕಾಲದ ರಷ್ಯಾಕ್ಕೆ ಗ್ರೀಕ್ ಹೆಸರುಗಳ ಮೇಲೆ ಅಪಾರ ಮೋಹ. ಆಟೊಮನ್ನರನ್ನು ಓಡಿಸಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮತ್ತೆ ಗ್ರೀಕ್ ಸಿಂಹಾಸನ ಸ್ಥಾಪಿಸುವ ಕನಸು ಕ್ಯಾಥರೀನಳದು. 1779ರಲ್ಲಿ ಹುಟ್ಟಿದ ಮೊಮ್ಮಗನಿಗೆ ಕಾನ್‌ಸ್ಟಂಟೀನ್ ಎಂದು ಹೆಸರಿಟ್ಟಿದ್ದೂ ಅದಕ್ಕಾಗಿಯೇ. ಹಾಗಾಗಿ ಸುತ್ತಲಿನ ನಕ್ಷೆಯನ್ನೂ ಎಚ್ಚರದಿಂದ ಓದಬೇಕು. 1778ರ ಖೆರ್ಸಾನ್ ನೀಪರ್ ನದಿಯ ಮೇಲಿದೆ. ಅದರ ಹೆಸರಿಗೆ ಮೂಲವಾದ ಖೆರ್ಸೊನೇಸೋಸ್‌ನ ಅವಶೇಷಗಳು ಇರುವುದು ಕ್ರಿಮಿಯಾದ ಸೆವಾಸ್ಟೊಪೋಲ್‌ನಲ್ಲಿ. ತಿರಾಸ್ಪೋಲ್ ಇರುವುದು ನೀಸ್ಟರ್ ನದಿಯ ಮೇಲ್ಗಡೆ, ಅದರ ಹೆಸರಿಗೆ ಮೂಲವಾದ ಪ್ರಾಚೀನ ಊರು ತೀರಾಸ್ ಇದ್ದದ್ದು ಆ ನದಿ ಕಡಲು ಸೇರುವಲ್ಲಿ. ಒಡೆಸಾದ ಹತ್ತಿರವೇ ಒವಿಡಿಯೊಪೋಲ್ ಇದೆ. ಅಲ್ಲಿ ಸಿಕ್ಕ ಹಳೆಯ ಸಮಾಧಿ ರೋಮನ್ ಕವಿ ಓವಿಡ್‌ನದೆಂದು ಭಾವಿಸಿ ಇಟ್ಟ ಹೆಸರದು. ಕವಿ ಗಡೀಪಾರಾಗಿ ಕೊನೆಯ ದಿನಗಳನ್ನು ಕಳೆದದ್ದು ತೋಮಿಸ್‌ನಲ್ಲಿ, ಅಂದರೆ ಇಂದಿನ ರೊಮೇನಿಯಾದ ಕಾನ್‌ಸ್ಟಾಂಟಾದಲ್ಲಿ. 1881ರಲ್ಲಿ ರೈಲು ನಿಲ್ದಾಣವಾಗಿ ಹುಟ್ಟಿದ ಅಮೆರಿಕದ ಟೆಕ್ಸಸ್‌ನ ಒಡೆಸ್ಸಾ ಇನ್ನೂ ದೂರ ಹೋಗಿದೆ. ಅಲ್ಲಿ ಕಡಲೇ ಇಲ್ಲ.

ಮತ್ತೆ ಕರಡಿಗೆ ಬರುತ್ತೇನೆ. ಅದರಲ್ಲಿ ಒಂದು ನಾಣ್ಯದ ಚಿತ್ರವಿತ್ತು. ಒಂದು ಮುಖದಲ್ಲಿ ರೋಮನ್ ಚಕ್ರವರ್ತಿ. ಇನ್ನೊಂದರಲ್ಲಿ ಗಡ್ಡಧಾರಿ ದೇವರು, ಒಂದು ಕೈಯಲ್ಲಿ ಬಟ್ಟಲು, ಮತ್ತೊಂದರಲ್ಲಿ ಸಮೃದ್ಧಿಯ ಕೊಂಬು. ಒಡೆಸ್ಸೋಸ್‌ನವರು ‘ಮಹಾದೇವ’ನೆಂದು ಪೂಜಿಸುತ್ತಿದ್ದ ದೇವರು ಅವನು. ಅಂಚಿನಗುಂಟ ಗ್ರೀಕ್ ಅಕ್ಷರಗಳು: ‘ಒಡೆಸ್ಸೇಯಿತೋನ್’. ಚಿತ್ರದ ಕೆಳಗೆ ‘ಒಡೆಸ್ಸೇಯಿತೋನ್ ನಗರದ ನಾಣ್ಯ’ ಎಂದು ಬರೆದಿತ್ತು. ಆ ಪದ ಷಷ್ಠೀ ವಿಭಕ್ತಿಯ ಬಹುವಚನ. ‘ಒಡೆಸ್ಸೋಸ್‌ನವರದು’ ಎಂದು ಅದರ ಅರ್ಥ. ಹೀಗೆ ಒಂದೇ ಪ್ರಾಚೀನ ಊರಿಗೆ ಪದಸೂಚಿಯಲ್ಲಿ ಒಡೆಸಾ, ವಾರ್ನಾ, ಒಡೆಸ್ಸೇಯಿತೋನ್ ಎಂದು ಮೂರು ನಮೂದುಗಳು ಹುಟ್ಟಿಕೊಂಡಿದ್ದವು. ಒಡೆಸಾ ಎಂಬ ನಮೂದಿನಡಿ 18ನೇ ಶತಮಾನದ ಪುಟಗಳೂ ಬೆರೆತು ಕೂತಿದ್ದವು.

ಅನುವಾದಕರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೂಲದಲ್ಲಿದ್ದ ಹೆಸರಿಗೆ ಪರಿಚಿತ ರೂಪ ಕೊಟ್ಟರೆ ಓದುಗರಿಗೆ ಸುಲಭವಾದೀತೆಂಬ ಕಾಳಜಿ ಅವರದು. ಆದರೆ ಇಂಥ ಕಡೆ ಪರಿಚಿತ ರೂಪವೇ ದಾರಿ ತಪ್ಪಿಸುತ್ತದೆ. ಒಂದು ಹೆಸರನ್ನು ಸೂಚಿಗೆ ಸೇರಿಸುವ ಮೊದಲು ಅದನ್ನು ಯಾರು, ಯಾವ ವರ್ಷ, ಯಾವ ನೆಲಕ್ಕೆ ಇಟ್ಟರು ಎಂದು ಕೇಳುತ್ತೇನೆ. ಧ್ವನಿ ಹೊಂದಿತು ಎಂಬ ಒಂದೇ ಕಾರಣಕ್ಕೆ ಎರಡು ಊರುಗಳನ್ನು ಕೂಡಿಸುವುದಿಲ್ಲ. ಕಾಗುಣಿತವೂ ಇಲ್ಲಿ ಕೈಹಿಡಿಯುತ್ತದೆ: ಪ್ರಾಚೀನ ಬಂದರಿಗೆ ಗ್ರೀಕ್ ರೂಪ, ಇಂದಿನ ನಗರಕ್ಕೆ ಉಕ್ರೇನಿ ಭಾಷೆಯಲ್ಲಿರುವಂತೆ ಒಂದೇ ‘ಸ’ಕಾರ. 2023ರ ಜನವರಿಯಲ್ಲಿ ಒಡೆಸಾದ ಐತಿಹಾಸಿಕ ಕೇಂದ್ರಭಾಗ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗಲೂ ನಗರದ ಹೆಸರನ್ನು ಬರೆದದ್ದು ಹಾಗೆಯೇ.

ಕರಡಿನಲ್ಲಿ ಚುಕ್ಕೆಯನ್ನು ಬಲ್ಗೇರಿಯಾದ ತೀರಕ್ಕೆ ಇಳಿಸಿ, ಸೂಚಿಯನ್ನು ಹೀಗೆ ತಿದ್ದಿ ಕಳಿಸಿದೆ: ‘ಒಡೆಸ್ಸೋಸ್ (ಪ್ರಾಚೀನ ಬಂದರು): ವಾರ್ನಾ ನೋಡಿ. ಒಡೆಸಾ (ಉಕ್ರೇನ್): ಹಾಜಿಬೇ ಸಹ ನೋಡಿ.’