ಕೋಲು ಯಾವ ಕಡೆ ತೇಲುತ್ತಿದೆ?

ಹಳೆಯ ಅಮೆರಿಕದ ಬೇಟೆಗಾರನ ಪಾತ್ರ ಬಂದರೆ ಸಾಕು, ಅನುವಾದಕರು ಅವನ ಬಾಯಿಗೆ ಒಂದಷ್ಟು ಒರಟು ಹಳ್ಳಿ ಮಾತು ತುರುಕುತ್ತಾರೆ. ಕರಡು ತಿದ್ದುವ ನನಗೆ ಇದು ದಿನನಿತ್ಯದ ಜಗಳ. ರಾಕಿ ಬೆಟ್ಟಗಳಲ್ಲಿ ತುಪ್ಪಳಕ್ಕಾಗಿ ಬೀವರ್ ಎಂಬ ನೀರುಪ್ರಾಣಿಯನ್ನು ಹಿಡಿಯುತ್ತಿದ್ದವರ ಮಾತು ಮೊದಲಿಗೆ ಕಸುಬಿನ ಮಾತು. ಕಸುಬು ಗೊತ್ತಿಲ್ಲದಿದ್ದರೆ ಅದು ಅರ್ಥವಾಗುವುದಿಲ್ಲ.

'ಕೋಲು ತೇಲುವುದೇ ಹಾಗೆ' ಎನ್ನುತ್ತಿದ್ದರು. ವಿಷಯ ಇರುವುದೇ ಹೀಗೆ ಅಂತ ಅರ್ಥ. ಯಾವ ಕೋಲು? ಬೇಟೆಗಾರ ಕೊರೆಯುವ ನೀರಿಗಿಳಿದು, ದಡದ ಹತ್ತಿರ ಮೇಲ್ಮೈಗಿಂತ ಸ್ವಲ್ಪವೇ ಕೆಳಗೆ ಕಬ್ಬಿಣದ ಟ್ರ್ಯಾಪ್ ಇಡುತ್ತಿದ್ದ. ಸರಪಳಿಯನ್ನು ಆಳದ ಕಡೆ ನೆಟ್ಟ ಗೂಟಕ್ಕೆ ಸಿಕ್ಕಿಸುತ್ತಿದ್ದ. ಮೇಲೆ ಬಾಗಿದ ಕಡ್ಡಿಯ ತುದಿಗೆ ಬೀವರ್‌ನದೇ ಗ್ರಂಥಿಯ ಘಾಟು ದ್ರವ ಸವರುತ್ತಿದ್ದ. ಇದಕ್ಕೆ 'ಮದ್ದು' ಎಂದೇ ಹೆಸರು. ಟ್ರ್ಯಾಪಿಗೆ ಒಂದು ಸಣ್ಣ ಕೋಲನ್ನೂ ಕಟ್ಟಿರುತ್ತಿದ್ದರು. ಸಿಕ್ಕ ಪ್ರಾಣಿ ಟ್ರ್ಯಾಪ್ ಸಮೇತ ಓಡಿದರೆ, ಅದು ಎಲ್ಲಿದೆ ಅಂತ ತೇಲುವ ಆ ಕೋಲೇ ಹೇಳಬೇಕು.

ಇನ್ನು ಇವರ ಮಾತೆಲ್ಲ ಇಂಗ್ಲಿಷೇ ಅಂದುಕೊಳ್ಳಬೇಡಿ. ವ್ಯಾಪಾರದ ಕೇಂದ್ರ ಸೇಂಟ್ ಲೂಯಿಸ್, ಫ್ರೆಂಚರು ಕಟ್ಟಿದ ಊರು. ಕೂಲಿಗೆ ಬಂದವರಲ್ಲಿ ಕೆನಡಾದ ಫ್ರೆಂಚರು ಬಹಳ. ಹಾಗಾಗಿ ಬೀವರ್ ತೊಗಲು 'ಪ್ಲೂ', ತಂಡದ ಯಜಮಾನ 'ಬೂಶ್‌ವೇ'. ಇನ್ನೂ ಪಳಗದ ಹೊಸಬ 'ಹಂದಿಕೊಬ್ಬು ತಿನ್ನುವವನು'. ಈ ಬೈಗುಳ ನನಗೆ ಬಲು ಇಷ್ಟ! ತೊಗಲು ಮಾರಿ ಸಾಮಾನು ಕೊಳ್ಳುವ ಬೇಸಗೆಯ ಸಂತೆಗಳು ನಡೆದದ್ದು 1825ರಿಂದ 1840ರವರೆಗೆ. ಅದಕ್ಕೂ ಫ್ರೆಂಚ್ ಹೆಸರೇ, 'ರಾಂಡೆವೂ'. ಸತ್ತವನು ಮಾತ್ರ ಇಂಗ್ಲಿಷಿನಲ್ಲೇ 'ಕೆಳಗೆ ಹೋದ'.

ಒಂದು ಎಚ್ಚರಿಕೆ. ನಾವು ಸಿನಿಮಾದಲ್ಲಿ ಕೇಳುವ ಧಾಟಿ, ತನ್ನನ್ನೇ 'ಈ ಕೂಸು' ಎಂದುಕೊಳ್ಳುವುದು, ಮಾತುಮಾತಿಗೂ 'ವಾಘ್!' ಅನ್ನುವುದು, ಇದರಲ್ಲಿ ಬಹಳಷ್ಟು ಬಂದದ್ದು ಜಾರ್ಜ್ ರಕ್ಸ್‌ಟನ್ ಎಂಬ ಇಂಗ್ಲಿಷ್ ಪ್ರವಾಸಿಯ ಬರಹದಿಂದ. ಅವನು ಆ ಬೆಟ್ಟಗಳಿಗೆ ಬಂದದ್ದು 1846–47ರ ಚಳಿಗಾಲದಲ್ಲಿ. ಅಷ್ಟರಲ್ಲಿ ಬೀವರ್ ತುಪ್ಪಳದ ಟೋಪಿಯ ಜಾಗಕ್ಕೆ ರೇಷ್ಮೆ ಟೋಪಿ ಬಂದು ಬೀವರ್ ವ್ಯಾಪಾರ ನೆಲಕಚ್ಚಿತ್ತು. ಅವನು ಸುಮ್ನೆ ಕಟ್ಟಿ ಬರೆದ ಅಂತಲ್ಲ. ಆದರೆ ಕಿವಿಗೆ ವಿಚಿತ್ರವಾಗಿ ಕೇಳಿದ್ದನ್ನು ಪ್ರವಾಸಿ ಜಾಸ್ತಿ ಬರೆದುಕೊಳ್ಳುತ್ತಾನೆ, ಅಲ್ವಾ? ಸ್ವತಃ ಬೀವರ್ ಹಿಡಿದು ಬದುಕಿದ ಓಸ್ಬರ್ನ್ ರಸೆಲ್‌ನ ದಿನಚರಿ 1834ರಿಂದ ಶುರುವಾಗುತ್ತದೆ. ಅದರ ಭಾಷೆ ಅಚ್ಚುಕಟ್ಟು. ಚಳಿಗಾಲದ ಬಿಡಾರದಲ್ಲಿ ಗಂಟೆಗಟ್ಟಲೆ ನಡೆಯುತ್ತಿದ್ದ ವಾದವಿವಾದಗಳಿಗೆ ಈ ಬೇಟೆಗಾರರು ತಮಾಷೆಗೆ 'ರಾಕಿ ಮೌಂಟನ್ ಕಾಲೇಜು' ಎನ್ನುತ್ತಿದ್ದರು ಅಂತ ಬರೆದವನು ಅವನೇ.