ಕರಾಟೆಯ ಜಪಾನಿ ಪದಗಳನ್ನು ಬಾಯಿಪಾಠ ಮಾಡಲೇಬೇಕೆ?

ಪ್ರಶ್ನೆ: ನನ್ನ ಮಗಳು ಕರಾಟೆ ತರಗತಿಗೆ ಹೋಗುತ್ತಿದ್ದಾಳೆ. ಬೆಲ್ಟ್ ಪರೀಕ್ಷೆ ಬಂದಾಗಲೆಲ್ಲ ಜಪಾನಿ ಪದಗಳ ಉದ್ದನೆಯ ಪಟ್ಟಿಯೊಂದನ್ನು ಉರುಹೊಡೆಯುತ್ತಾಳೆ. ಒದೆತ, ಗುದ್ದು, ತಡೆ ಎಂದು ಕನ್ನಡದಲ್ಲಿಯೇ ಹೇಳಿಕೊಟ್ಟರೆ ಆಗುವುದಿಲ್ಲವೇ? ಕಲಿಯಲೇಬೇಕೆಂದಾದರೆ ಸುಲಭವಾದ ದಾರಿ ಯಾವುದು?

ಉತ್ತರ: ವಿವರಣೆ ಕನ್ನಡದಲ್ಲಿರಬೇಕು, ಹೆಸರುಗಳು ಜಪಾನಿಯಲ್ಲಿಯೇ ಉಳಿಯಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮೊಣಕಾಲನ್ನು ಎಷ್ಟು ಎತ್ತಬೇಕು, ಸೊಂಟ ಯಾವಾಗ ತಿರುಗಬೇಕು, ಉಸಿರನ್ನು ಎಲ್ಲಿ ಬಿಡಬೇಕು ಎಂಬುದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳದಿದ್ದರೆ ಕಲಿಕೆಯೇ ನಡೆಯುವುದಿಲ್ಲ. ಹೆಸರಿನ ಕೆಲಸ ಬೇರೆ. ಅದು ಬೇರೆ ಬೇರೆ ಊರು, ದೇಶಗಳ ಅಭ್ಯಾಸಿಗಳು ಒಂದೇ ಅಂಕಣದಲ್ಲಿ ನಿಂತಾಗ ಎಲ್ಲರಿಗೂ ಒಂದೇ ಆಗಿರಬೇಕು. ಅಂತರರಾಷ್ಟ್ರೀಯ ಕರಾಟೆ ಪಂದ್ಯದಲ್ಲಿ ತೀರ್ಪುಗಾರರು ‘ಹಜಿಮೆ’ ಎಂದರೆ ಆರಂಭಿಸಬೇಕು, ‘ಯಮೆ’ ಎಂದರೆ ನಿಲ್ಲಿಸಬೇಕು. ಕೆಂಪು ಬೆಲ್ಟಿನ ಸ್ಪರ್ಧಿ ‘ಅಕ’, ನೀಲಿಯ ಸ್ಪರ್ಧಿ ‘ಅಒ’. ತೀರ್ಪುಗಾರರು ‘ಯೂಕೊ’ ಎಂದರೆ 1 ಅಂಕ, ‘ವಝಅರಿ’ ಎಂದರೆ 2, ‘ಇಪ್ಪೊನ್’ ಎಂದರೆ 3. 1964ರಲ್ಲಿ ಒಲಿಂಪಿಕ್ಸ್ ಸೇರಿದ ಜೂಡೋದಲ್ಲಿಯೂ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಕಾಣಿಸಿಕೊಂಡ ಕರಾಟೆಯಲ್ಲಿಯೂ ತೀರ್ಪಿನ ಭಾಷೆ ಜಪಾನಿಯೇ.

ಹಾಗೆಂದು ಈ ಪದಗಳನ್ನು ಅನಾದಿಕಾಲದಿಂದ ಬಂದ ಮಂತ್ರಗಳೆಂದು ತಿಳಿಯಬೇಕಾಗಿಲ್ಲ. ಕರಾಟೆ ಬೆಳೆದದ್ದು ಒಕಿನಾವಾ ದ್ವೀಪದಲ್ಲಿ, ಅಲ್ಲಿಯ ಮಾತೇ ಬೇರೆ. ಇತೊಸು ಅಂಕೊ ಅವರು 20ನೆಯ ಶತಮಾನದ ಮೊದಲಿಗೆ ಅದನ್ನು ಅಲ್ಲಿಯ ಶಾಲೆಗಳಿಗೆ ತಂದರು. ಫುನಕೋಶಿ ಗಿಚಿನ್ ಅವರು 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದರು. ಜಪಾನಿನ ಮುಖ್ಯ ಭೂಭಾಗದ ವಿದ್ಯಾರ್ಥಿಗಳಿಗೆ ಒಪ್ಪುವಂತೆ ‘ಪಿನಾನ್’ ಎಂಬ ಕಟಾಗಳ (ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿಗಳ) ಹೆಸರನ್ನು ಅವರು ‘ಹೇಯಾನ್’ ಎಂದು ಬದಲಿಸಿದರು. ‘ಚೀನಾದ ಕೈ’ ಎಂಬ ಅರ್ಥ ಕೊಡುತ್ತಿದ್ದ ಕರಾಟೆಯ ಹಳೆಯ ಬರಹವನ್ನು ಕೈಬಿಟ್ಟು ‘ಬರಿಗೈ’ ಎಂಬ ಅರ್ಥದ ಬರಹವನ್ನು ಬಳಸುವುದಕ್ಕೆ ಒಕಿನಾವಾದ ಗುರುಗಳು ಒಪ್ಪಿದ್ದು 1936ರಲ್ಲಿ, ನಾಹಾ ನಗರದ ಸಭೆಯೊಂದರಲ್ಲಿ.

ಈ ‘ಬರಿಗೈ’ ಎಂಬ ಮಾತಿನಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ. ಬರಿ ಮತ್ತು ಕೈ ಸೇರಿದಾಗ ಕಕಾರ ಗಕಾರವಾಗುವುದನ್ನು ನಾವು ಶಾಲೆಯಲ್ಲಿ ಆದೇಶ ಸಂಧಿ ಎಂದು ಓದಿದ್ದೇವೆ: ಮಳೆಗಾಲ, ಬೆಟ್ಟದಾವರೆ, ಕಂಬನಿ. ಜಪಾನಿಯಲ್ಲಿಯೂ ಇಂಥದ್ದೇ ನಡೆಯುತ್ತದೆ. ‘ಕೆರಿ’ ಎಂದರೆ ಒದೆತ. ಮುಂದಕ್ಕೆ ಒದ್ದರೆ ಅದು ಮಎಗೆರಿ, ಪಕ್ಕಕ್ಕೆ ಯೊಕೊಗೆರಿ, ಹಿಂದಕ್ಕೆ ಉಶಿರೊಗೆರಿ, ಸುತ್ತಿ ಒದ್ದರೆ ಮವಶಿಗೆರಿ. ‘ತಚಿ’ ಎಂದರೆ ನಿಲುವು. ಮುಂಗಾಲನ್ನು ಬಾಗಿಸಿ ನಿಲ್ಲುವುದು ಝೆನ್‌ಕುತ್ಸುದಚಿ. ಗುದ್ದು ‘ತ್ಸುಕಿ’ಯಾದರೆ ಮುಂದಿರುವ ಕಾಲಿಗೆ ವಿರುದ್ಧವಾದ ಬದಿಯ ಕೈಯಿಂದ ಗುದ್ದುವುದು ಗ್ಯಕುಝುಕಿ. ಗುಡಿಸಿದಂತೆ ತಳ್ಳಿಹಾಕುವ ‘ಹರೈ’ ಎಂಬ ಪದ ಗೆದನ್‌ಬರೈ ಎಂಬಲ್ಲಿ ‘ಬರೈ’ ಆಗುವುದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಹಳಗನ್ನಡದ ಪನಿ ಇಂದು ಹನಿಯಾಗಿ, ಸಮಾಸದಲ್ಲಿ ಮಾತ್ರ ಕಂಬನಿಯಾಗಿ ಉಳಿದಿರುವುದನ್ನು ಬಲ್ಲವರಿಗೆ ಅದು ಕಷ್ಟವಲ್ಲ, ಏಕೆಂದರೆ ಜಪಾನಿಯ ಹಕಾರವೂ ಪ್ರಾಚೀನ ಕಾಲದಲ್ಲಿ ಪಕಾರವಾಗಿತ್ತು. ಇಷ್ಟರಿಂದ ಎರಡು ಭಾಷೆಗಳಿಗೆ ರಕ್ತಸಂಬಂಧವಿದೆ ಎಂದು ತೀರ್ಮಾನಿಸಬಾರದು, ಈ ನಿಯಮ ಎರಡರಲ್ಲಿಯೂ ಎಲ್ಲ ಕಡೆ ನಡೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ಕನ್ನಡದ ಮಗುವಿಗೆ ಇದು ದೊಡ್ಡ ಅನುಕೂಲ. ಜೋದನ್, ಚೂದನ್, ಗೆದನ್ ಎಂದರೆ ಕ್ರಮವಾಗಿ ಮೇಲು, ನಡು, ಕೆಳ ಮಟ್ಟಗಳೆಂದು ತಿಳಿದ ಮೇಲೆ, ‘ಚೂದನ್ ಯೊಕೊಗೆರಿ’ ಎಂಬುದನ್ನು ಹಿಂದೆಂದೂ ಕೇಳಿರದಿದ್ದರೂ ಅವಳು ಹೊಟ್ಟೆಯ ಎತ್ತರಕ್ಕೆ ಪಕ್ಕದ ಒದೆತವನ್ನು ತೋರಿಸಬಲ್ಲಳು. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿಸುವ ಬದಲು ಪ್ರತಿ ಹೆಸರನ್ನೂ ಬಿಡಿಸಿ ಬರೆಸಿ. ಸಂಧಿ ಬಿಡಿಸುವುದು ಅವಳಿಗೆ ಹೇಗೂ ಗೊತ್ತಿರುತ್ತದೆ.

ಬರೆಯುವಾಗ ಕನ್ನಡ ಲಿಪಿಯನ್ನೇ ಬಳಸುವುದು ಮೇಲು. ತರಗತಿಗಳಲ್ಲಿ ಹಂಚುವ ಇಂಗ್ಲಿಷ್ ಅಕ್ಷರಗಳ ಪಟ್ಟಿಯಲ್ಲಿ ಹ್ರಸ್ವ ದೀರ್ಘಗಳ ಭೇದ ಹೆಚ್ಚಾಗಿ ಅಳಿಸಿಹೋಗಿರುತ್ತದೆ, ಜಪಾನಿಯಲ್ಲಾದರೋ ಆ ಭೇದದಿಂದ ಅರ್ಥವೇ ಬದಲಾಗುತ್ತದೆ. ಅಭ್ಯಾಸದ ಸ್ಥಳವನ್ನು ನಾವು ‘ಡೋಜೋ’ ಎಂದೂ ಚಲನೆಗಳ ಸರಣಿಯನ್ನು ‘ಕಟಾ’ ಎಂದೂ ರೂಢಿಸಿಕೊಂಡಿರುವುದೂ ಆ ಅಕ್ಷರಗಳ ಪ್ರಭಾವದಿಂದಲೇ; ಜಪಾನೀಯರ ಉಚ್ಚಾರಣೆ ನಮ್ಮ ತಕಾರ, ದಕಾರಗಳಿಗೆ ಹತ್ತಿರವಾದದ್ದು. ಎಣಿಕೆಯಲ್ಲಿ ಇಚಿ, ರೊಕು, ಹಚಿ ಎಂಬವುಗಳ ಕೊನೆಯ ಸ್ವರ ವೇಗದಲ್ಲಿ ಕೇಳಿಸದಷ್ಟು ಕ್ಷೀಣವಾಗುವುದರಿಂದ ಮಕ್ಕಳು ‘ಇಚ್’, ‘ರೊಕ್’, ‘ಹಚ್’ ಎನ್ನುವುದನ್ನು ತಪ್ಪೆಂದು ತಿದ್ದಬೇಕಾಗಿಲ್ಲ.

ದೋಜೋ ಎಂಬ ಪದಕ್ಕೆ ಭಾರತದ ನಂಟು ನಿಜವಾಗಿಯೂ ಇದೆ. ಬುದ್ಧನಿಗೆ ಜ್ಞಾನೋದಯವಾದ ಸ್ಥಳಕ್ಕೆ ಸಂಸ್ಕೃತದಲ್ಲಿ ಬೋಧಿಮಂಡ ಎನ್ನುತ್ತಾರೆ; ಅದನ್ನು ಚೀನಾದ ಬೌದ್ಧರು ಅನುವಾದಿಸಿಕೊಂಡ ಎರಡು ಅಕ್ಷರಗಳನ್ನೇ ಜಪಾನೀಯರು ದೋಜೋ ಎಂದು ಓದುತ್ತಾರೆ. ‘ಸೆನ್ಸೇ’ ಎಂಬುದು ಗುರುವಿಗೆ ಶಿಷ್ಯರು ಕೊಡುವ ಗೌರವ. ವೈದ್ಯರನ್ನೂ ವಕೀಲರನ್ನೂ ಜಪಾನಿನಲ್ಲಿ ಹಾಗೆಯೇ ಕರೆಯುತ್ತಾರೆ, ಆದರೆ ಯಾರೂ ತಮ್ಮ ಹೆಸರಿಗೆ ತಾವೇ ಅದನ್ನು ಸೇರಿಸಿ ಹೇಳಿಕೊಳ್ಳುವುದಿಲ್ಲ. ‘ಓಸ್’ ಎಂಬ ಉದ್ಗಾರದ ಬಗ್ಗೆ ಮಾತ್ರ ಎಚ್ಚರ ಬೇಕು. ಕ್ಯೋಕುಶಿನ್‌ನಂಥ ಪಂಥಗಳಲ್ಲಿ ಅದು ಮಾತುಮಾತಿಗೂ ಬರುತ್ತದೆ. ದೋಜೋದ ಹೊರಗೆ ಅದು ಯುವಕರ ನಡುವಿನ ಒರಟು ಸಲಿಗೆಯ ಮಾತು, ಹಿರಿಯ ಜಪಾನೀಯರೊಬ್ಬರಿಗೆ ಅದನ್ನು ಹೇಳುವುದು ಸಲ್ಲದು. ಹೌದು ಎಂಬ ಅರ್ಥದ ‘ಹೈ’ ಎಂದರೆ ಎಲ್ಲ ಕಡೆಯೂ ನಡೆಯುತ್ತದೆ.

ಒಂದು ತೊಡಕನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹೆಸರುಗಳು ಪಂಥದಿಂದ ಪಂಥಕ್ಕೆ ಬದಲಾಗುತ್ತವೆ. ಶೋಟೋಕಾನ್‌ನಲ್ಲಿ ‘ಸೊತೊ ಉಕೆ’ ಎಂದರೆ ಕೈ ಹೊರಗಿನಿಂದ ಒಳಕ್ಕೆ ಬರುವ ತಡೆ; ವಾದೋರ್ಯೂದಲ್ಲಿ ಅದೇ ಹೆಸರು ಒಳಗಿನಿಂದ ಹೊರಕ್ಕೆ ಹೋಗುವ ತಡೆಯದು. ಎರಡೂ ಸರಿಯೇ, ಏಕೆಂದರೆ ಒಂದು ಕೈ ಹೊರಡುವ ಕಡೆಯನ್ನು ಹೇಳುತ್ತದೆ, ಇನ್ನೊಂದು ಅದು ತಲುಪುವ ಕಡೆಯನ್ನು. ಆದ್ದರಿಂದ ಅಂತರಜಾಲದಲ್ಲಿ ಸಿಕ್ಕ ಯಾವುದೋ ಪಟ್ಟಿಯನ್ನು ಮಗಳ ಕೈಗೆ ಕೊಡುವ ಮೊದಲು ಅವಳು ಕಲಿಯುತ್ತಿರುವುದು ಯಾವ ಪಂಥ ಎಂಬುದನ್ನು ಅವಳ ಗುರುಗಳಿಂದ ಕೇಳಿ ತಿಳಿದುಕೊಳ್ಳಿ, ಪರೀಕ್ಷೆಗೆ ಅವರು ಕೊಡುವ ಪಟ್ಟಿಯನ್ನೇ ಅನುಸರಿಸಿ.