‘ಸಿಬರೈಟ್’ ಅಂದ್ರೆ ಯಾರು?

ಪ್ರಶ್ನೆ: ಇಂಗ್ಲಿಷ್ ಬರಹಗಳಲ್ಲಿ ‘ಸಿಬರೈಟ್’ ಅನ್ನೋ ಪದ ಆಗಾಗ ಕಾಣುತ್ತದೆ. ಶ್ರೀಮಂತರಿಗೆಲ್ಲ ಹೀಗೆ ಹೇಳಬಹುದಾ? ಈ ಪದ ಬಂದದ್ದು ಎಲ್ಲಿಂದ?

ಉತ್ತರ: ಶ್ರೀಮಂತರಿಗೆಲ್ಲ ಹೇಳೋಕಾಗಲ್ಲ. ಕೋಟಿ ದುಡ್ಡಿದ್ದೂ ಚಾಪೆ ಮೇಲೆ ಮಲಗುವವರು ಸಿಬರೈಟ್ ಅಲ್ಲ. ಮೈ ನೋಯಬಾರದು, ನಾಲಿಗೆಗೆ ರುಚಿ ಕಮ್ಮಿಯಾಗಬಾರದು, ನಿದ್ದೆ ಕೆಡಬಾರದು ಅಂತ ಸುಖವನ್ನೇ ಹುಡುಕಿಕೊಂಡು ಬದುಕುವವರಿಗೆ ಈ ಹೆಸರು. ಮಾತಿನಲ್ಲಿ ಸ್ವಲ್ಪ ಆಕ್ಷೇಪವೂ ಇರುತ್ತದೆ. ನನಗೆ ಕೇಳಿದರೆ ಕನ್ನಡದ ‘ಸುಖಪುರುಷ’ ಇದಕ್ಕೆ ತುಂಬ ಹತ್ತಿರ. ‘ಶೋಕಿಲಾಲ’ ಅಷ್ಟು ಹೊಂದುವುದಿಲ್ಲ. ಶೋಕಿ ಮಾಡೋಕೆ ನೋಡುವವರು ಬೇಕು, ಅಲ್ವಾ?

ಪದ ಹುಟ್ಟಿದ್ದು ಒಂದು ಊರಿನ ಹೆಸರಿನಿಂದ. ಊರು ಸಿಬರಿಸ್. ಈಗಿನ ಇಟಲಿಯ ದಕ್ಷಿಣದಲ್ಲಿ, ಟರಾಂಟೊ ಕೊಲ್ಲಿಯ ದಡದಲ್ಲಿತ್ತು. ಗ್ರೀಸಿನಿಂದ ಹೋದವರು ಕ್ರಿ.ಪೂ. 720ರ ಸುಮಾರಿಗೆ ಅದನ್ನು ಕಟ್ಟಿದರು. ಎರಡು ನದಿಗಳ ನಡುವೆ ಒಳ್ಳೆ ಬೆಳೆ ಬರುವ ಬಯಲು, ಜೊತೆಗೆ ವ್ಯಾಪಾರ. ಊರಿಗೆ ಸಂಪತ್ತು ಹರಿದು ಬಂತು.

ಅಲ್ಲಿನವರ ಬಗ್ಗೆ ಇರುವ ಕಥೆಗಳು ಒಂದೆರಡಲ್ಲ. ನಿದ್ದೆ ಕೆಡುತ್ತದೆ ಅಂತ ಊರೊಳಗೆ ಹುಂಜ ಸಾಕುವಂತಿರಲಿಲ್ಲವಂತೆ. ಕಮ್ಮಾರರು, ಬಡಗಿಗಳು ಕೂಡ ಅಲ್ಲಿ ಕೆಲಸ ಮಾಡುವಂತಿರಲಿಲ್ಲವಂತೆ. ಯಾರಾದರೂ ಹೊಸ ಅಡುಗೆ ಕಂಡುಹಿಡಿದರೆ, ಒಂದು ವರ್ಷ ಬೇರೆ ಯಾರೂ ಅದನ್ನು ಮಾಡುವ ಹಾಗಿಲ್ಲ. ಈಗಿನ ಪೇಟೆಂಟಿನ ಹಾಗೆಯೇ! ಸ್ಮಿಂಡಿರಿಡಿಸ್ ಎಂಬ ಸಿಬರಿಸ್‌ನವನೊಬ್ಬ ಗುಲಾಬಿ ಎಸಳಿನ ಮೇಲೆ ಮಲಗಿ, ಬೆಳಗ್ಗೆ ಎದ್ದು ಮೈಯೆಲ್ಲ ಬೊಬ್ಬೆ ಬಂದಿದೆ ಅಂದನಂತೆ. ಕುದುರೆಗಳಿಗೆ ಕೊಳಲಿನ ಸದ್ದಿಗೆ ಕುಣಿಯಲು ಕಲಿಸಿದ್ದರಂತೆ. ಶತ್ರುಗಳು ಯುದ್ಧದಲ್ಲಿ ಕೊಳಲು ನುಡಿಸಿದಾಗ ಕುದುರೆಗಳು ಕುಣಿಯತೊಡಗಿದವು ಅನ್ನುತ್ತದೆ ಕಥೆ.

ಇಷ್ಟೊಂದು ‘ಅಂತೆ’ ಬೇಕೆಂದೇ ಬರೆದೆ. ಇದರಲ್ಲಿ ಬಹುಪಾಲು ನಮಗೆ ಸಿಕ್ಕಿರುವುದು ಅಥೆನೇಯಸ್, ಈಲಿಯನ್ ಮುಂತಾದ ಪ್ರಾಚೀನ ಬರಹಗಾರರಿಂದ. ಅವರು ಬರೆಯುವ ಹೊತ್ತಿಗೆ ಸಿಬರಿಸ್ ಹಾಳಾಗಿ 700 ವರ್ಷ ಆಗಿತ್ತು. ಎದುರು ಮಾತಾಡಲು ಆ ಊರಿನವರು ಯಾರೂ ಉಳಿದಿರಲಿಲ್ಲ.

ಊರನ್ನು ಮುಗಿಸಿದ್ದು ಪಕ್ಕದ ಕ್ರೋಟನ್ ನಗರದವರು, ಕ್ರಿ.ಪೂ. 510ರಲ್ಲಿ. ಅವರ ಸೇನೆಯ ಮುಂದೆ ಇದ್ದವನು ಹೆಸರಾಂತ ಕುಸ್ತಿಪಟು ಮೈಲೋ. ಗೆದ್ದ ಮೇಲೆ ಕ್ರಾಥಿಸ್ ನದಿಯನ್ನೇ ಊರಿನ ಮೇಲೆ ತಿರುಗಿಸಿದರು ಅಂತ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಒಂದು ವಿಷಯ. ಅವನು ಹುಟ್ಟಿದ್ದು ಸಿಬರಿಸ್ ಬಿದ್ದು ಹೆಚ್ಚು ಕಮ್ಮಿ ಇಪ್ಪತ್ತೈದು ವರ್ಷಕ್ಕೆ. ಸಮುದ್ರದಾಚೆ ಮಿಲೆಟಸ್ ಅಂತ ಒಂದು ನಗರ. ಎರಡೂ ಊರುಗಳ ನಡುವೆ ಗಾಢ ಸ್ನೇಹ. ಸಿಬರಿಸ್ ಬಿದ್ದ ಸುದ್ದಿ ಕೇಳಿ ಮಿಲೆಟಸ್‌ನ ಗಂಡಸರು, ಹುಡುಗರೂ ಸೇರಿ, ತಲೆ ಬೋಳಿಸಿಕೊಂಡು ಅತ್ತರು.